ದೊಡ್ಡೋಳ ಸೀಸೆ, ಸಣ್ಣೋಳ ಸೀಸೆ

ನಮ್ಮ ಮನೆಯಲ್ಲಿ ಹೆಂಗಸರು ಮೂವರು: ಅತ್ತೆ, ನನ್ನ ವಾರಗಿತ್ತಿ, ನಾನು. ಮೂವರಲ್ಲಿ ಒಬ್ಬರೂ ಮನೆಯ ಗಂಡಸರ ಹೆಸರು ಹೇಳುವಂತಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆ ಅಂತ ನಾವಿಬ್ಬರು ಸೊಸೆಯರು ಬಾಯಿ ಕಟ್ಟಿಕೊಂಡಿದ್ದೆವು. ಅತ್ತೆಯದು ಇನ್ನೂ ಫಜೀತಿ. ಅವರ ಮಾವನ ಹೆಸರು ತಿಪ್ಪಯ್ಯ. ಸೊಸೆಯಾದವಳು ಮಾವನ ಹೆಸರು ಹೇಳಬಾರದು. ಆ ಹಿರಿಯರ ಹೆಸರನ್ನೇ ಮೊಮ್ಮಕ್ಕಳಿಬ್ಬರಿಗೂ ಇಟ್ಟು ದೊಡ್ಡ ತಿಪ್ಪಯ್ಯ, ಸಣ್ಣ ತಿಪ್ಪಯ್ಯ ಅಂತ ಮಾಡಿದ್ದರಿಂದ ಅತ್ತೆ ತಾವು ಹೆತ್ತ ಮಕ್ಕಳನ್ನೂ ಹೆಸರು ಹಿಡಿದು ಕರೆದವರಲ್ಲ. 'ದೊಡ್ಡೋನೇ', 'ಸಣ್ಣೋನೇ' ಅಷ್ಟೇ. ಇನ್ನು ಸೊಸೆಯರಾಗಿ ಬಂದ ನಾವಿಬ್ಬರೂ ತಿಪ್ಪಮ್ಮಗಳು. ನಮ್ಮ ಸೀಮೆಯಲ್ಲಿ ಮನೆಗೊಬ್ಬ ತಿಪ್ಪಮ್ಮ ಇದ್ದೇ ಇರುತ್ತಾಳೆ, ನಮ್ಮಲ್ಲಿ ಇಬ್ಬರು ಸೇರಿದೆವು. ದೊಡ್ಡ ಮಗನ ಹೆಂಡತಿ ದೊಡ್ಡೋಳು, ಸಣ್ಣ ಮಗನ ಹೆಂಡತಿಯಾದ ನಾನು ಸಣ್ಣೋಳು. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಾನು ಸಾವಿನ ಹೊಸಿಲು ಮುಟ್ಟಿ ಬಂದದ್ದು ಅರ್ಧ ಜ್ವರದಿಂದ, ಅರ್ಧ ಈ ಹೆಸರುಗಳಿಂದ.

ಆಳಿನಲ್ಲಿ ಮಾತ್ರ ನಾನು ಸಣ್ಣವಳಲ್ಲ. ನಮ್ಮಪ್ಪನ ಎತ್ತರ, ನಮ್ಮವ್ವನ ಮೈ. ವಾರಗಿತ್ತಿ ನನ್ನ ಭುಜಕ್ಕೆ ಬರುತ್ತಿದ್ದಳು, ತೆಳ್ಳಗೆ, ಚುರುಕಾಗಿ. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ನಮ್ಮಪ್ಪ ಪರಶುರಾಂಪುರದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಐಗಳು, ನನಗೂ ಕಲಿಸಿದ್ದರು. ಕೊಂಡ್ಲಹಳ್ಳಿಯ ಈ ಮನೆಯಲ್ಲಿ ಓದು ಬರುತ್ತಿದ್ದದ್ದು ನನಗೊಬ್ಬಳಿಗೇ. ಅದರ ಜಂಬವೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಪ್ಲೇಗು ಬಂದು ಹೋದ ಮಾರನೆಯ ವರ್ಷ ಅದು. ಮಳೆ ಚೆನ್ನಾಗಿ ಆಗಿ ಊರಿನ ಕೆರೆ ತುಂಬಿತ್ತು. ಕೆರೆಯ ಹಿಂದಿನ ಗದ್ದೆಯಲ್ಲಿ ಅಕ್ಕನೂ ನಾನೂ ನಾಟಿ ಹಾಕಿದೆವು, ಸಂಜೆ ಸೊಳ್ಳೆ ಕಡಿಸಿಕೊಂಡು ಮನೆಗೆ ಬಂದೆವು. ದೀಪಾವಳಿ ಕಳೆದ ವಾರದಲ್ಲಿ ಇಬ್ಬರಿಗೂ ಚಳಿಜ್ವರ ಹಿಡಿಯಿತು. ಎಂಥಾ ಜ್ವರ ಅಂತೀರಿ! ದಿನ ಬಿಟ್ಟು ದಿನ, ಹೇಳಿ ಕಳಿಸಿದ ಹಾಗೆ ಬರುತ್ತಿತ್ತು. ಬಿಸಿಲು ಪಡಸಾಲೆಯ ಎರಡನೇ ಕಂಬಕ್ಕೆ ಬರುವ ಹೊತ್ತಿಗೆ ಉಗುರು ನೀಲಿಯಾಗುತ್ತಿತ್ತು. ಮೂರು ಕಂಬಳಿ ಹೊದ್ದರೂ ನಿಲ್ಲದ ನಡುಕ. ಆಮೇಲೆ ಮೈಯೆಲ್ಲ ಬೆಂಕಿ. ಆಮೇಲೆ ಬೆವರು. ಮಾರನೆಯ ದಿನ ಏನೂ ಆಗಿಯೇ ಇಲ್ಲವೇನೋ ಎಂಬಂತೆ ಮೈ ತಣ್ಣಗಿರುತ್ತಿತ್ತು. ಆ ಒಳ್ಳೆಯ ದಿನವೇ ನನಗೆ ಹೆಚ್ಚು ಹೆದರಿಕೆ. ನಾಳೆ ಬರುತ್ತದೆ ಅಂತ ಗೊತ್ತಿರುತ್ತಿತ್ತಲ್ಲ.

ಎರಡು ವಾರ ಕಳೆದ ಮೇಲೆ ಎಡ ಪಕ್ಕೆಯ ಕೆಳಗೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಅತ್ತೆ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಜ್ವರಗಡ್ಡೆ ಕಟ್ಟೈತೆ ಕಣಮ್ಮಾ," ಅಂದರು.

ಗಡ್ಡೆ ಬೆಳೆದು ಹೊಕ್ಕುಳ ಮುಟ್ಟಿದರೆ ಆಸೆ ಬಿಡಬೇಕು ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಅಂದಿನಿಂದ ಮೈಗೆ ನೀರು ಹಾಕಿಕೊಳ್ಳುವಾಗಲೆಲ್ಲ ಪಕ್ಕೆಯಿಂದ ಕೆಳಗೆ ಬೆರಳಿಟ್ಟು ಅಳೆಯುವುದು ನನಗೆ ರೂಢಿಯಾಯಿತು. ಮೊದಲು ಎರಡು ಬೆರಳು. ಆಮೇಲೆ ಮೂರು.

ಮೊಳಕಾಲ್ಮೂರಿನ ದವಾಖಾನೆಗೆ ಅಕ್ಕನೂ ನಾನೂ ಹೋದದ್ದು ಅತ್ತೆಯ ಜೊತೆ, ನಮ್ಮ ಗಾಡಿಯಲ್ಲಿ. ಹೆಂಗಸರು ಕೂರುವ ಕಡೆಗೆ ಗಂಡಸರು ಬರುವಂತಿರಲಿಲ್ಲ. ನಮ್ಮ ಮನೆಯವರು ಎತ್ತು ಬಿಚ್ಚಿ ದೂರದ ಹುಣಸೆಮರದ ಕೆಳಗೆ ಉಳಿದರು. ಔಷಧಿಗೆ ಸೀಸೆ ನಾವೇ ಒಯ್ಯಬೇಕಿತ್ತು. ಅತ್ತೆ ಎರಡು ಸೀಸೆಗಳನ್ನು ಬೂದಿ ಹಾಕಿ ತೊಳೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ನಮಗಿಂತ ಮುಂಚೆ ಒಳಗೆ ಹೋದ ಹೆಂಗಸೊಬ್ಬಳನ್ನು ಇಬ್ಬರು ಹಿಡಿದುಕೊಂಡು ಹೊರಗೆ ತಂದರು. ಏನಾಯಿತು ಅಂತ ಯಾರೂ ಕೇಳಲಿಲ್ಲ. ಆದರೆ ಅವಳು ಅಲ್ಲಿಯವರೆಗೆ ಕೂತಿದ್ದ ಜಾಗದಲ್ಲಿ ಯಾರೂ ಹೋಗಿ ಕೂರಲಿಲ್ಲ.

ಅದು ನನ್ನ ಜ್ವರದ ದಿನ. ಕಾಯುತ್ತಿದ್ದಂತೆ ಚಳಿ ಹತ್ತಿತು. ಪಕ್ಕದಲ್ಲಿದ್ದ ಯಾರೋ ಮುದುಕಿ, "ಏಮಮ್ಮಾ, ಚಲಿ ಜ್ವರಮಾ?" ಅಂತ ತೆಲುಗಿನಲ್ಲಿ ಕೇಳಿ, ತಾನು ಹಾಸಿಕೊಂಡಿದ್ದ ಕಂಬಳಿಯನ್ನು ಎಳೆದು ನನ್ನ ಮೇಲೆ ಹೊದೆಸಿದಳು. ತಾನು ಬರೀ ಕಲ್ಲಿನ ಮೇಲೆ ಕೂತಳು. ಅವಳ ಮುಖ ನನಗೆ ನೆನಪಿಲ್ಲ. ಆ ಕಂಬಳಿಯ ಕುರಿ ವಾಸನೆ ಮಾತ್ರ ಈಗಲೂ ಮೂಗಿನಲ್ಲಿದೆ.

ಡಾಕ್ಟರು ನಮ್ಮಿಬ್ಬರ ಹೊಟ್ಟೆಯನ್ನೂ ಒತ್ತಿ ನೋಡಿದರು. ನನ್ನದನ್ನು ಎರಡು ಸಲ ಒತ್ತಿದರು. ಕಾಂಪೌಂಡರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಮುಂದಿನವರನ್ನು ಕರೆದರು. ಕಾಂಪೌಂಡರು ಪುಸ್ತಕ ತೆರೆದರು.

"ಹೆಸರು?"

"ತಿಪ್ಪಮ್ಮ," ಅಂದಳು ಅಕ್ಕ.

"ನಿಂದು?"

"ತಿಪ್ಪಮ್ಮ," ಅಂದೆ, ಹಲ್ಲು ಕಟಕಟ ಅನ್ನುತ್ತಿದ್ದವು.

"ಗಂಡಂದಿರ ಹೆಸರು ಹೇಳ್ರಮ್ಮಾ."

ಅಕ್ಕ ನೆಲ ನೋಡಿದಳು. ನಾನೂ ನೋಡಿದೆ. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅದು ನಮ್ಮ ಮಾವನೋರ ಹೆಸ್ರು ಸ್ವಾಮಿ, ನಾನು ಹೇಳಂಗಿಲ್ಲ. ಇವ್ರಲ್ಲಿ ಒಬ್ಳು ದೊಡ್ಡೋಳು, ಒಬ್ಳು ಸಣ್ಣೋಳು. ಹಂಗೇ ಬರ್ಕಳ್ರಿ," ಅಂದರು.

ಕಾಂಪೌಂಡರು ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ಒಂದು ಸಲ ನೋಡಿ, ತಲೆ ಬಗ್ಗಿಸಿ ಬರೆದುಕೊಂಡರು. ಸೀಸೆ ತುಂಬಿಸಿ, ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿ ಕೊಟ್ಟರು. ಮನೆಗೆ ಬಂದ ಮೇಲೆ ಅತ್ತೆ ಎರಡನ್ನೂ ನನ್ನ ಮುಂದೆ ಇಟ್ಟು, "ಓದು ತಾಯಿ, ಯಾವ್ದು ಯಾರ್ದು?" ಅಂದರು. ಕಣ್ಣು ಮಂಜಾಗಿದ್ದರೂ ನಾನು ಎದ್ದು ಕೂತು, ಗಟ್ಟಿಯಾಗಿ ಓದಿದೆ. "ದೊಡ್ಡ ತಿಪ್ಪಮ್ಮ, ಕೊಂಡ್ಲಹಳ್ಳಿ. ಇದು ಅಕ್ಕಂದು." ಇನ್ನೊಂದನ್ನು ನಾನಿಟ್ಟುಕೊಂಡೆ.

ಅಕ್ಕನ ಔಷಧಿ ಹಾಲಾಹಲ. ಒಂದು ಗುಟುಕು ಕುಡಿದರೆ ಅವಳ ಮುಖ ಹಿಂಡಿಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿ ನಿಂತು ಬರುತ್ತಿದ್ದಳು, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ನನ್ನದು ಕೆಂಪು ನೀರು, ಸಿಹಿ. ಕಹಿ ಕುಡಿದ ಎಂಟನೇ ದಿನಕ್ಕೆ ಅಕ್ಕ ಎದ್ದು ಕಸ ಗುಡಿಸಿದಳು. ಹದಿನೈದನೇ ದಿನಕ್ಕೆ ಕಣದಲ್ಲಿದ್ದಳು. ನಾನು ಮಾತ್ರ ಎರಡನೇ ಕಂಬದ ಬಿಸಿಲು ಕಾಯುತ್ತ ಕೋಣೆಯಲ್ಲೇ ಇದ್ದೆ. ಸೀಸೆ ಖಾಲಿಯಾದಾಗ ನಮ್ಮ ಮನೆಯವರು ಪೇಟೆಗೆ ಹೋದವರು ಎರಡನ್ನೂ ಚೀಟಿ ನೋಡಿಸಿ ತುಂಬಿಸಿಕೊಂಡು ಬರುತ್ತಿದ್ದರು. ಮತ್ತೆ ಅವಳಿಗೆ ಕಹಿ, ನನಗೆ ಸಿಹಿ.

ಈಗ ಕೇಳಿ, ಮಲಗಿದವಳ ತಲೆ ಹೇಗೆ ಓಡುತ್ತದೆ ಅಂತ. ದೊಡ್ಡ ಕಾಯಿಲೆಗೆ ಕಹಿ ಔಷಧಿ ಅಂತ ನಮ್ಮಲ್ಲಿ ನಂಬಿಕೆ. ಡಾಕ್ಟರು ಅಕ್ಕನಿಗೆ ಅಷ್ಟು ಕಹಿ ಕೊಟ್ಟಿದ್ದಾರೆಂದರೆ ಅವಳ ಜ್ವರ ನನಗಿಂತ ಜೋರಿರಬೇಕು. ಅಂಥವಳು ಎದ್ದು ಕಣದಲ್ಲಿ ಓಡಾಡುತ್ತಾಳೆ. ನನ್ನದು ಸಿಹಿ ನೀರಿಗೆ ಹೋಗುವಷ್ಟು ಸಣ್ಣ ಜ್ವರ, ನಾನು ಕಂಬಳಿ ಹೊದ್ದು ನರಳುತ್ತೇನೆ. ಇಷ್ಟು ದೊಡ್ಡ ಮೈ ಹೊತ್ತು ಏನು ಬಂತು? ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಾನೇ ಕಟ್ಟಿಕೊಂಡೆ, ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಂಡೆ.

ಹೇಳುವವರೂ ಇದ್ದರು ಅನ್ನಿ. ಅತ್ತೆ ಕೆಟ್ಟವರಲ್ಲ, ಗಂಜಿ ಬಾಯಿಗಿಟ್ಟವರು ಅವರೇ. ಆದರೆ ಇಡುತ್ತ ಇಡುತ್ತ, "ದೊಡ್ಡೋಳ್ನ ನೋಡವ್ವಾ. ಮನಸ್ಸು ಗಟ್ಟಿ ಮಾಡ್ಕಂಡ್ಳು, ಎದ್ಳು. ನೀನೂ ಮಾಡ್ಕೊಬೇಕು," ಅನ್ನುತ್ತಿದ್ದರು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಅತ್ಗೆ ಥರ ಸ್ವಲ್ಪ ಓಡಾಡಿದ್ರೆ ಜ್ವರ ತಾನೇ ಇಳಿತೈತೇನೋ," ಅನ್ನುತ್ತಿದ್ದರು. ಪಾಪ, ಅವರಿಗೆ ಬೇರೆ ಏನು ಗೊತ್ತಿತ್ತು? ಆ ಮಾತಿಗಿಂತ ನನ್ನನ್ನು ಸುಟ್ಟದ್ದು ಅಕ್ಕನ ಮೌನ. ಮೊದಲೆಲ್ಲ ಕರೆದರೆ ಓಡಿ ಬರುತ್ತಿದ್ದವಳು, ಈಗ ನಾನು ಕೋಣೆಯಿಂದ "ಅಕ್ಕಾ, ನೀರು" ಅಂದರೆ ತಿರುಗಿಯೂ ನೋಡದೆ ಹೋಗುತ್ತಿದ್ದಳು. ಮಲಗಿ ತಿನ್ನುವವಳ ಮೇಲೆ ಅಸಹ್ಯ ಬಂದಿದೆ, ಬರಬೇಕಾದ್ದೇ, ಅಂದುಕೊಂಡೆ.

ಒಂದು ಒಳ್ಳೆಯ ದಿನ ನೋಡಿ ಎದ್ದೆ. ಯಾರೂ ಏಳುವ ಮುಂಚೆ ಬೀಸುವ ಕಲ್ಲಿನ ಮುಂದೆ ಕೂತು ರಾಗಿ ಹಾಕಿದೆ. ನಾಲ್ಕು ಸುತ್ತು ತಿರುಗಿಸಿರಬೇಕು, ಎಡ ಪಕ್ಕೆಯಲ್ಲಿ ಯಾರೋ ಕುಡುಗೋಲು ಆಡಿಸಿದ ಹಾಗಾಯಿತು. ಆಮೇಲೆ ನೆನಪಿರುವುದು ಕೆನ್ನೆಗೆ ತಾಗಿದ ಹಿಟ್ಟು ಮಾತ್ರ. ಎಚ್ಚರ ಬಂದಾಗ ಅಳೆದೆ. ಐದು ಬೆರಳು. ಹೊಕ್ಕುಳಕ್ಕೆ ಇನ್ನೂ ಎರಡೇ ಬಾಕಿ.

ಅದಾದ ಮೇಲೆ ಮನೆಯಲ್ಲಿ ಬರೆಯ ಮಾತು ಶುರುವಾಯಿತು. ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನ ಹಟ್ಟಿಯೊಂದರಲ್ಲಿ ಒಬ್ಬ ಮುದುಕನಿದ್ದ. ಕಾವಲಿನ ದನಗಳಿಗೆ ಬರೆ ಹಾಕಿ ಹಾಕಿ ಕೈ ಪಳಗಿದವನು. ಜ್ವರಗಡ್ಡೆ ಬಂದ ಮನುಷ್ಯರ ಹೊಟ್ಟೆಗೂ ಕಾಸಿದ ಕಬ್ಬಿಣ ಇಡುತ್ತಿದ್ದ. ಗಡ್ಡೆ ಕರಗುತ್ತದೆ ಅನ್ನುತ್ತಿದ್ದರು. ಕರಗಿದವರೂ ಇದ್ದರಂತೆ. ನಾನು ಕಂಡವಳು ನಮ್ಮ ಹಿಂದಿನ ಬೀದಿಯ ಒಬ್ಬ ಸೊಸೆ. ಅವಳಿಗೆ ಮೂರು ಬರೆ ಹಾಕಿದ್ದರು. ಗಾಯ ಹಸಿಯಾಗಿರುವಾಗಲೇ ಹನ್ನೊಂದನೆಯ ದಿನ ಹೋದಳು. "ಅವಳ ಆಯಸ್ಸು ಅಷ್ಟೇ ಇತ್ತು," ಅಂದರು ಎಲ್ಲರೂ. ಅಮಾವಾಸ್ಯೆ ಕಳೆದ ಸೋಮವಾರ ಮುದುಕ ನಮ್ಮ ಮನೆಗೆ ಬರುವುದೆಂದು ಗೊತ್ತಾಯಿತು. ಬೇಡ ಅಂತ ನಾನು ಒಂದು ಮಾತೂ ಆಡಲಿಲ್ಲ. ಹೆದರಿಕೆ ಇರಲಿಲ್ಲವೆಂದಲ್ಲ. ಏಳಲಾರದವಳಿಗೆ ಇದೇ ಸರಿ, ಬೆಂಕಿ ಮುಟ್ಟಿದರಾದರೂ ಬುದ್ಧಿ ಬರಲಿ ಅಂತ ಒಳಗೊಳಗೇ ಒಪ್ಪಿಬಿಟ್ಟಿದ್ದೆ. ಈಗ ನೆನೆಸಿಕೊಂಡರೆ ಮುದುಕನ ಕಬ್ಬಿಣಕ್ಕಿಂತ ಆ ಒಪ್ಪಿಗೆಯೇ ಭಯ ಹುಟ್ಟಿಸುತ್ತದೆ.

ಆ ವಾರವೇ ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅಕ್ಕ ಒಲೆಗೆ ಬೆನ್ನು ಹಾಕಿ ಕೂತಿದ್ದಳು. ಅತ್ತೆ ಹೊರಗಿನಿಂದ ಕೂಗಿದರು, ಮತ್ತೆ ಕೂಗಿದರು, ಕೊನೆಗೆ ಬಂದು ಹೆಗಲು ಹಿಡಿದು ಅಲ್ಲಾಡಿಸಿದರು. ಆಗ ಅಕ್ಕ ಬೆಚ್ಚಿಬಿದ್ದು ಅತ್ತುಬಿಟ್ಟಳು.

"ಕಿವಿ ಕೇಳ್ತಿಲ್ಲ ಅತ್ತೆ. ತಿಂಗ್ಳಾತು. ಒಳಗೆಲ್ಲ ಗುಂಯ್ ಅಂತೈತೆ, ಜೇನು ಹೊಕ್ಕಂಗೆ."

ಕೋಣೆಯಲ್ಲಿದ್ದ ನನಗೆ ಆ ಮಾತು ಕೇಳಿಸಿತು. ನನ್ನ ಕೂಗಿಗೆ ಅವಳು ತಿರುಗದೇ ಹೋದದ್ದೆಲ್ಲ ಕಣ್ಣ ಮುಂದೆ ಬಂತು. ಛೇ, ಎಂಥಾ ಮನಸ್ಸು ನನ್ನದು ಅಂತ ಅದಕ್ಕೂ ನನ್ನನ್ನೇ ಬೈದುಕೊಂಡೆ. ಬೈದುಕೊಳ್ಳುವುದು ಅಷ್ಟು ಸಲೀಸಾಗಿತ್ತು ನನಗೆ.

ಕಿವಿ ತೋರಿಸಲು ಅಕ್ಕನನ್ನು ಮೊಳಕಾಲ್ಮೂರಿಗೆ ಕರೆದುಕೊಂಡು ಹೋಗುವುದೆಂದಾಯಿತು. ಕಣದ ಕೆಲಸ ಇದ್ದುದರಿಂದ ಅತ್ತೆ ಹೊರಡಲಿಲ್ಲ. ಗಾಡಿ ಕಟ್ಟಿದಾಗ ಅಕ್ಕ ನನ್ನ ಕೋಣೆಗೆ ಬಂದಳು.

"ಏಳು, ನೀನೂ ಬಾ."

"ನಾನು ಬರಲ್ಲಕ್ಕ. ಸೋಮವಾರ ಬರೆ ಐತಲ್ಲ, ಅದೇ ಆಗ್ಲಿ."

ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿ ಹೇಳುವ ಶಕ್ತಿ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ಡಾಕ್ಟರ ಮುಖ ನೋಡಲು ನಾಚಿಕೆಯಾಗಿತ್ತು. ಒಂದೇ ದಿನ ಇಬ್ಬರಿಗೂ ಔಷಧಿ ಕೊಟ್ಟವರು ಅವರು. ಒಬ್ಬಳು ಎದ್ದಳು, ಇವಳು ಏಳಲಿಲ್ಲ ಅಂತ ಅವರ ಮುಂದೆ ಹೋಗಿ ನಿಲ್ಲುವುದಕ್ಕಿಂತ ಬರೆಯೇ ವಾಸಿ ಅನ್ನಿಸಿತ್ತು. ಅಕ್ಕ ನನ್ನ ಮಾತಿಗೆ ಕಾಯಲಿಲ್ಲ. ಕಂಬಳಿ ಸುತ್ತಿ, ಕಂಕುಳಿಗೆ ಕೈ ಕೊಟ್ಟು, ತನಗಿಂತ ಎರಡರಷ್ಟಿದ್ದ ನನ್ನನ್ನು ಎಳೆದುಕೊಂಡು ಹೋಗಿ ಗಾಡಿಗೆ ಹತ್ತಿಸಿದಳು.

ದವಾಖಾನೆಯಲ್ಲಿ ಡಾಕ್ಟರು ಅಕ್ಕನ ಕಿವಿಯ ಹತ್ತಿರ ಚಿಟಿಕೆ ಹೊಡೆದು ನೋಡಿದರು. ಪುಸ್ತಕ ತರಿಸಿ ನೋಡಿದರು. ಮತ್ತೆ ಅಕ್ಕನನ್ನು ನೋಡಿದರು.

"ಈಕೆಯ ಜ್ವರ ಆಗಲೇ ಇಳಿಯುತ್ತಿತ್ತು, ಬರೆದಿದ್ದು ರಕ್ತ ಆಗುವ ಔಷಧಿ. ಅದರಿಂದ ಕಿವಿ ಯಾಕೆ ಹೋಗುತ್ತೆ? ಕಿವಿ ಮಂದ ಮಾಡೋದು ಜ್ವರದ ಕಹಿ ಔಷಧಿ ಅಲ್ವಾ?" ಅಂತ ಕಾಂಪೌಂಡರನ್ನು ಕೇಳಿ, ನನ್ನ ಕಡೆ ತಿರುಗಿದರು. "ನಿನಗೆ ಕಿವಿ ಗುಂಯ್ ಅನ್ನುತ್ತಾ ಅಮ್ಮಾ?"

"ಇಲ್ಲ ಸ್ವಾಮಿ."

"ಔಷಧಿ ಬಹಳ ಕಹಿ ಅಲ್ವಾ?"

"ಇಲ್ಲ ಸ್ವಾಮಿ. ಸಿಹಿ."

ಡಾಕ್ಟರು ನನ್ನನ್ನು ಮಲಗಿಸಿ ಪಕ್ಕೆಯಿಂದ ಕೆಳಗೆ ಬೆರಳಿಟ್ಟರು. ನಾನೂ ಅವರ ಬೆರಳುಗಳನ್ನೇ ಎಣಿಸುತ್ತಿದ್ದೆ. ಆರು. ಹೊಕ್ಕುಳಕ್ಕೆ ಒಂದೇ ಬಾಕಿ.

"ಇವರಲ್ಲಿ ದೊಡ್ಡ ತಿಪ್ಪಮ್ಮ ಯಾರು, ಸಣ್ಣ ತಿಪ್ಪಮ್ಮ ಯಾರು?" ಅಂದರು, ದನಿ ಏರಿತ್ತು. ಕಾಂಪೌಂಡರು ನನ್ನನ್ನು ತೋರಿಸಿ "ಈಕೆ ದೊಡ್ಡವಳು" ಅನ್ನುವುದಕ್ಕೂ, ಅಕ್ಕ ಡಾಕ್ಟರ ಬಾಯಿಯ ಆಟ ನೋಡಿ ತಿಳಿದುಕೊಂಡು "ನಾನು ದೊಡ್ಡೋಳು" ಅನ್ನುವುದಕ್ಕೂ ಸರಿಹೋಯಿತು. ಇಬ್ಬರೂ 'ದೊಡ್ಡೋಳು' ಯಾರೆಂದು ಹೇಳಿದ್ದರು, ಆದರೆ ತೋರಿಸಿದ್ದು ಬೇರೆ ಬೇರೆ ಹೆಂಗಸರನ್ನು. ಕಾಂಪೌಂಡರು ಅವತ್ತು ನಮ್ಮ ಮೈ ನೋಡಿ ಬರೆದುಕೊಂಡಿದ್ದರು. ನಮ್ಮತ್ತೆ ಹೇಳಿದ್ದು ಗಂಡಂದಿರ ಲೆಕ್ಕದಲ್ಲಿ.

"ಗಂಡನ ಹೆಸರು ಹೇಳು, ಸರಿಯಾಗಿ ಬರೆಯೋಣ," ಅಂದರು ಕಾಂಪೌಂಡರು. ಅವರ ಮುಖ ಬೆವರಿತ್ತು.

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಮ್ಮ ಮನೆಯವರು ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದರು. ಹೇಳಿದರೆ ಅವರ ಆಯಸ್ಸು, ಹೇಳದಿದ್ದರೆ ನನ್ನದು. ಕಾಂಪೌಂಡರ ಕೈಯಲ್ಲಿದ್ದ ಲೇಖನಿ ಕಣ್ಣಿಗೆ ಬಿತ್ತು. ಬಾಯಲ್ಲಿ ಹೇಳಬಾರದು ಅಂತ ಶಾಸ್ತ್ರ. ಬರೆಯಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ. ಕೈ ಚಾಚಿ ಲೇಖನಿ ತೆಗೆದುಕೊಂಡು, ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ಸಣ್ಣ ತಿಪ್ಪಯ್ಯನ ಹೆಂಡತಿ' ಅಂತಲೂ, ಅಕ್ಕನ ಹೆಸರಿನ ಮುಂದೆ ಭಾವನವರ ಹೆಸರನ್ನೂ ಬರೆದೆ. ಅಕ್ಷರ ಸೊಟ್ಟಗಾದವು.

"ಓದು ಬರುತ್ತಾ ನಿನಗೆ?" ಅಂದರು ಡಾಕ್ಟರು. "ಮತ್ತೆ ಸೀಸೆಯ ಚೀಟಿ ಯಾರು ಓದಿದರು?"

"ನಾನೇ," ಅಂದೆ.

ಡಾಕ್ಟರು ಬೈಯಲಿಲ್ಲ. ಹೊಸ ಸೀಸೆ ತುಂಬಿಸಿ, ಕಹಿ ಔಷಧಿಯನ್ನು ತಮ್ಮ ಕೈಯಿಂದಲೇ ನನ್ನ ಕೈಗೆ ಕೊಟ್ಟರು. ಬರೆಯ ವಿಷಯ ಹೇಳಿದೆ. "ಆ ಗಡ್ಡೆಗೆ ಪೆಟ್ಟು ಬಿದ್ದರೂ ಕಷ್ಟ, ಬೆಂಕಿ ಬಿದ್ದರೂ ಕಷ್ಟ. ಇನ್ನು ನಿನ್ನಿಷ್ಟ," ಅಂದರು. ಅಕ್ಕನ ಕಿವಿ ಬರಬಹುದು, ಬರದೆಯೂ ಇರಬಹುದು ಅಂದರು.

ಗಾಡಿ ಊರು ದಾಟಿತು. ಎರಡು ತಿಂಗಳು ಸಿಹಿ ನೀರು ಕುಡಿದುಕೊಂಡು ಸಾವಿನ ಕಡೆ ನಡೆದವಳು ನಾನು. ಅಕ್ಕನ ಕಿವಿ ಕಿತ್ತವಳೂ ನಾನು. ಇಷ್ಟಕ್ಕೂ ಓದಿ ಓದಿ ಮಾಡಿದ ಕೆಲಸ! ಕೊನೆಗೆ ತಡೆಯಲಾರದೆ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ, "ಅಕ್ಕಾ, ತಪ್ಪು ನಂದು. ಚೀಟಿ ಓದಿದೋಳು ನಾನು!"

ಅವಳೂ ಕೂಗಿಯೇ ಹೇಳಿದಳು. ಕಿವಿ ಕೇಳದವರಿಗೆ ತಮ್ಮ ದನಿಯ ಅಂದಾಜು ಇರುವುದಿಲ್ಲ. "ನಂಗೆ ಅನುಮಾನ ಬಂದಿತ್ತು ಕಣೇ! ಒಂದಿನ ನಿನ್ನ ಸೀಸೆ ಬಾಯಿ ನೆಕ್ಕಿ ನೋಡಿದ್ದೆ. ಸೀ ಇತ್ತು. ನಂಗೆ ಜ್ವರನೇ ಬರ್ತಿರ್ಲಿಲ್ಲ, ನಂಗ್ಯಾಕೆ ಕಹಿ? ದಿನಾ ನಡುಗೋಳಿಗ್ಯಾಕೆ ಸೀ? ಅನ್ಕಂಡೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೆಂಗೆ ಹೇಳ್ಲಿ? ಓದಿದೋಳು ಓದಿ ಕೊಟ್ಟಿದೀಯ. ಹೆಬ್ಬೆಟ್ಟೊತ್ತೋಳು ನಾನು. ನಾನು ಬಾಯಿ ಬಿಟ್ರೆ ಎಲ್ರೂ ನಗ್ತಾರೆ ಅಂತ ಸುಮ್ನಾದೆ. ಕಹಿ ಕುಡಿದ್ರೆ ಅತ್ತೆ ಶಾಭಾಸ್ ಅಂತಿದ್ರು. ಓದಂತೂ ಬರಲ್ಲ, ಇದ್ರಲ್ಲಾದ್ರೂ ನಿನಗಿಂತ ಗಟ್ಟಿ ಅನ್ನಿಸ್ಕಳಣ ಅಂತ ಕುಡಿದೆ."

ಸಿಟ್ಟು ಬಂತು ನನಗೆ. ಅಳುವಲ್ಲ, ಸಿಟ್ಟು. ಹಿರಿಯಳು ಅನ್ನುವುದನ್ನೂ ಮರೆತು, "ಲೇ, ನಿನ್ನ ಸಂಕೋಚಕ್ಕೆ ನಾನು ಸಾಯ್ತಿದ್ನಲ್ಲೇ!" ಅಂದೆ.

"ಏನೆಲೇ, ನಾನು ಎಳ್ಕಂಡು ಬರ್ದಿದ್ರೆ ನಿನ್ನ ಸಂಕೋಚಕ್ಕೆ ನೀನೇ ಸಾಯ್ತಿದ್ದೆ!" ಅಂದಳು ಅವಳು, ಅಷ್ಟೇ ಜೋರಾಗಿ.

ಮುಂದೆ ಗಾಡಿ ಹೊಡೆಯುತ್ತಿದ್ದ ನಮ್ಮ ಮನೆಯವರು ಎತ್ತು ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡಿದರು. ನಾವಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಗೊಳೋ ಅಂತ ಅಳುತ್ತಿದ್ದೆವು. ಅವರು ಮತ್ತೆ ಗಾಡಿ ಹೊಡೆದರು.

ಸೋಮವಾರ ಮುದುಕ ಬಂದೇ ಬಂದ. ಬರಬೇಡ ಅಂತ ಹೇಳಿ ಕಳಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಿರಲಿಲ್ಲ. ಔಷಧಿಯೂ ಇರಲಿ, ಬರೆಯೂ ಇರಲಿ, ಯಾವುದರಿಂದಾದರೂ ಉಳಿಯಲಿ ಅನ್ನುವುದು ಅತ್ತೆಯ ಆಸೆ. ಅವರದು ಪ್ರೀತಿಯೇ. ಅಂಗಳದಲ್ಲಿ ಬೆರಣಿ ಹೊತ್ತಿಸಿ ಮುದುಕ ಮೂರು ಕಬ್ಬಿಣ ಇಟ್ಟ. ಅವು ಮೊದಲು ಕಪ್ಪಗಿದ್ದವು, ಆಮೇಲೆ ಮಾಸಲು ಕೆಂಪಾದವು. ನನ್ನನ್ನು ಹಿಡಿದುಕೊಳ್ಳಲು ನೆರೆಮನೆಯ ಇಬ್ಬರು ಹೆಂಗಸರು ಬಂದು ನಿಂತಿದ್ದರು. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಮುದುಕನ ಕೈ ನೋಡುತ್ತಿದ್ದರು. ನನಗೆ ಹಿಂದಿನ ಬೀದಿಯ ಸೊಸೆಯ ಕೂಗು ನೆನಪಾಯಿತು.

"ದೊಡ್ಡೋಳ ಮೈ ಬ್ಯಾರೆ, ಔಷಧಿಗೆ ಬಗ್ಗಿತು," ಅಂದ ಮುದುಕ, ಕಬ್ಬಿಣ ತಿರುಗಿಸುತ್ತ. "ನಿನ್ನ ಮೈ ಹಂಗಲ್ಲ ತಾಯಿ. ಎಲ್ರಿಗೂ ಆ ಗಟ್ಟಿತನ ಬರಲ್ಲ."

ಎಂಟು ದಿನದ ಹಿಂದೆ ಆಗಿದ್ದರೆ ಈ ಮಾತಿಗೆ ನಾನೇ ಹೋಗಿ ಹೊಟ್ಟೆ ಒಡ್ಡಿ ಮಲಗುತ್ತಿದ್ದೆ.

"ಹೌದಜ್ಜ, ನನ್ನ ಮೈ ಅವಳ ಮೈ ಅಲ್ಲ. ಅವಳ ಹಂಗೆ ನಾನು ಏಳಲ್ಲ," ಅಂದೆ. "ನಂಗೆ ನನ್ನ ಔಷಧಿ ಸಿಕ್ಕಿ ಇನ್ನೂ ಆರು ದಿನ. ಬರೆ ಬ್ಯಾಡ. ಸತ್ರೆ ಸಾಯ್ತೀನಿ, ಸುಡಿಸ್ಕಂಡು ಸಾಯಲ್ಲ."

ಮುದುಕ ಅತ್ತೆಯ ಕಡೆ ನೋಡಿದ. ಅತ್ತೆ ನನ್ನನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ಬಿಂದಿಗೆ ನೀರು ತಂದು ಬೆಂಕಿಯ ಮೇಲೆ ತಾವೇ ಸುರಿದರು. ಕಬ್ಬಿಣ ಚುಸ್ ಅಂದವು. ಮುದುಕನಿಗೆ ಊಟಕ್ಕಿಟ್ಟು ಕಳಿಸಿದೆವು.

ಸರಿಯಾದ ಔಷಧಿ ಸಿಕ್ಕಿತೆಂದು ನಾನು ಎಂಟು ದಿನಕ್ಕೆ ಎದ್ದು ಕುಣಿಯಲಿಲ್ಲ. ಆ ಚಳಿಗಾಲದಲ್ಲಿ ಇನ್ನೂ ಎರಡು ಸಲ ನನ್ನ ಆಸೆ ಬಿಟ್ಟಿದ್ದರು. ಒಮ್ಮೆ ನಮ್ಮಪ್ಪನಿಗೂ ಹೇಳಿ ಕಳಿಸಿ, ಅವರು ಪರಶುರಾಂಪುರದಿಂದ ಚಳ್ಳಕೆರೆಯ ಮೇಲೆ ನಡೆದುಕೊಂಡೇ ಬಂದಿದ್ದರು. ಯುಗಾದಿಯ ಹೊತ್ತಿಗೆ ಗಡ್ಡೆ ಎರಡು ಬೆರಳಿಗೆ ಇಳಿಯಿತು. ಅಲ್ಲಿಗೇ ನಿಂತಿತು, ಈಗಲೂ ಅಷ್ಟಿದೆ. ಮಳೆಗಾಲ ಮುಗಿಯುವಾಗ ಜ್ವರ ಬಂದು ಮಾತಾಡಿಸಿಕೊಂಡು ಹೋಗುತ್ತದೆ. ಅಕ್ಕನ ಬಲಗಿವಿ ಬಂತು, ಎಡಗಿವಿ ಬರಲಿಲ್ಲ. ಅದಕ್ಕೆ ಕಾರಣ ನಾನೇ ಅಂತ ಈಗಲೂ ಒಂದೊಂದು ದಿನ ಮನಸ್ಸು ಹಳೆಯ ದಾರಿ ಹಿಡಿಯುತ್ತದೆ. ಆಗ ಎದ್ದು ಹೋಗಿ ಅವಳ ಜೊತೆ ಜಗಳ ತೆಗೆಯುತ್ತೇನೆ. ಜಗಳವಾಡಿದರೆ ಹಗುರಾಗುತ್ತದೆ.

ಆ ಬೇಸಿಗೆಯ ಒಂದು ಬೆಳಿಗ್ಗೆ ನಾನು ಬಿಂದಿಗೆ ಹಿಡಿದು ಬಾವಿಗೆ ಹೊರಟಿದ್ದೆ. ಅಕ್ಕ ಬಾಗಿಲಲ್ಲೇ ತಡೆದು ಬಿಂದಿಗೆ ಕಿತ್ತುಕೊಂಡಳು.

"ಬಿಡು. ಕೂತ್ಕ."

"ಜನ ಏನಂತಾರಕ್ಕ?"

"ಅನ್ನೋರು ಬಂದು ನಿನ್ನ ಗಡ್ಡೆ ಹೊರ್ತಾರಾ? ಕೂತ್ಕ ಅಂದೆ."

ಅವಳು ತಲೆ ಮೇಲೊಂದು, ಕಂಕುಳಲ್ಲೊಂದು ಬಿಂದಿಗೆ ಇಟ್ಟುಕೊಂಡು ನಡೆದಳು. ನಾನು ಕಟ್ಟೆಯ ಮೇಲೆ ಬಿಸಿಲಿಗೆ ಕೂತೆ. ಬಾವಿಯಿಂದ ನಾಲ್ಕಾರು ಹೆಂಗಸರು ಬರುತ್ತಿದ್ದರು. ಅವರಲ್ಲಿ ಒಬ್ಬಳು ನಿಂತು, ಎಲ್ಲರಿಗೂ ಕೇಳುವಂತೆ ಅಂದಳು:

"ಏನಮ್ಮಾ ಸಣ್ಣೋಳೇ, ದೊಡ್ಡೋಳು ಎರಡೆರಡು ಬಿಂದಿಗೆ ಹೊರ್ತಾವ್ಳೆ, ನೀನು ಕೂತೀಯಲ್ಲ?"

"ಹೂಂ ಕಣಮ್ಮಾ," ಅಂದೆ. "ಕೂತಿದೀನಿ."

ಅಷ್ಟೇ ಅಂದೆ. ಕಾರಣ ಹೇಳಲಿಲ್ಲ, ಏಳಲೂ ಇಲ್ಲ.